ಸದ್ದಿಲ್ಲದ ಫ್ರಿಜ್ಜು

ಚಟ್ಟ ಹೊತ್ತವರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು. ಡೊಂಬಿವಲಿಯ ಆ ಹಳೇ ಬಿಲ್ಡಿಂಗಿನ ಲಿಫ್ಟಿನಲ್ಲಿ ನಿಂತವರಿಗೇ ಜಾಗ ಸಾಲದು, ಮಲಗಿದವರಿಗೆ ಎಲ್ಲಿಂದ ಬರಬೇಕು? ಹೋದವರ ಅಳಿಯ ಮಧ್ವೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ. ಹಿಂದಿನವರು ‘ಸಾವಕಾಶ, ಸಾವಕಾಶ’ ಎನ್ನುತ್ತ ಅತ್ತ ಎತ್ತಿ ಇತ್ತ ಓರೆ ಮಾಡುತ್ತಿದ್ದರು. ಕೆಳಗಿನಿಂದ ಬ್ಯಾಗು ಹೊತ್ತು ಹತ್ತಿ ಬರುತ್ತಿದ್ದ ಮಯೂರ್ ಗೋಡೆಗೆ ಅಂಟಿ ನಿಂತು ಕೈಮುಗಿದ. ಚಟ್ಟದ ಮೇಲಿನ ಮುಖವೆಲ್ಲ ಹೂವಿನಲ್ಲಿ ಮುಚ್ಚಿಹೋಗಿತ್ತು, ಯಾರೆಂದು ತಿಳಿಯಲಿಲ್ಲ. ದಾರಿ ಬಿಟ್ಟ ಕೂಡಲೇ ಮೇಲೆ ಹತ್ತಿದ. ಅವನೋ ಫ್ರಿಜ್ ಕಂಪನಿಯ ಮೆಕ್ಯಾನಿಕ್, ದಿನ ತುಂಬ ಇಂಥ ಮೆಟ್ಟಿಲುಗಳೇ.

ಪುಂಡರೀಕಾಕ್ಷ ರಾಯರ ಮನೆ ಬಾಗಿಲು ಹಾರುಹೊಡೆದಿತ್ತು. ಒಳಗೆ ರಾಯರ ಮಗಳು ಊರ್ಮಿಳಾ ಸೆರಗು ಸಿಕ್ಕಿಸಿ ನೆಲ ತೊಳೆಯುತ್ತಿದ್ದಳು. ಫ್ರಿಜ್ಜಿನ ಕಂಪ್ಲೇಂಟು ಎಂದು ಬಾಯಿ ತೆರೆದ ಮಯೂರನಿಗೆ ಮೂಲೆಯಲ್ಲಿ ನೆಲದ ಮೇಲೆ ಒಂಟಿಯಾಗಿ ಉರಿಯುತ್ತಿದ್ದ ದೀಪ ಕಂಡಿತು. ತಾನು ಮೆಟ್ಟಿಲಲ್ಲಿ ಕೈಮುಗಿದದ್ದು ಯಾರಿಗೆಂದು ಆಗ ಗೊತ್ತಾಯಿತು.

ಊರ್ಮಿಳಾ ಬೆಳಿಗ್ಗೆಯೇ ಖಾರಘರದಿಂದ ಓಡಿ ಬಂದಿದ್ದಳು. ಬಂದವರಿಗೆಲ್ಲ ಒಂದೇ ಮಾತು: “ಅಪ್ಪನಿಗೆ ನಾನು ಯಾವುದಕ್ಕೂ ಕಡಿಮೆ ಮಾಡ್ಲಿಲ್ಲ.” ಅಡುಗೆಯವಳನ್ನು ಇಟ್ಟದ್ದು ಹೇಳಿದಳು, ಹೊಸ ಫ್ರಿಜ್ಜು ಕೊಡಿಸಿದ್ದು ಹೇಳಿದಳು. ಪಾಪ, ಯಾರೂ ಕೇಳಿರಲಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಬೆಳಿಗ್ಗೆಯಿಂದ ಅಳದೆ ನಿಂತಿದ್ದಳು. ಅದೊಂದು ಕೈಬಿಟ್ಟರೆ ಇವತ್ತಿನ ದಿನ ಕಳೆಯುವುದು ಹೇಗೆ?

ಮಯೂರ್ ತಲೆ ತಗ್ಗಿಸಿ, ಕ್ಷಮಿಸಿ, ಕಂಪ್ಲೇಂಟು ಮುಚ್ಚಿ ಹೋಗಿಬಿಡುತ್ತೇನೆ, ರಾಯರ ಫೋನಿಗೆ ಒಂದು ಕೋಡು ಬಂದಿರುತ್ತದೆ, ಅದನ್ನು ಹೇಳಿದರೆ ಸಾಕು ಎಂದ. ಕೋಡು ಕೊಟ್ಟರೆ ಕೆಲಸ ಸರಿಯಾಯಿತು ಎಂದು ಗಿರಾಕಿ ಒಪ್ಪಿದ ಹಾಗೆ. ಅಪ್ಪನ ಫೋನು ಇನ್ನೂ ಚಾರ್ಜಿಗೆ ಇತ್ತು. ಊರ್ಮಿಳಾ ಕೈ ಒರೆಸಿಕೊಂಡು ಮೆಸೇಜು ತೆರೆದು ಕೋಡಿನ ನಂಬರು ಒಂದೊಂದಾಗಿ ಓದತೊಡಗಿದಳು, ಅರ್ಧಕ್ಕೆ ನಿಂತಳು. ಅಷ್ಟಕ್ಕೂ ಆ ಫ್ರಿಜ್ಜಿಗೆ ಏನಾಗಿತ್ತು ಎಂದು ಕೇಳಿದಳು.

“ಆವಾಜ್ ನಹೀ ಆತಾ,” ಎಂದ ಮಯೂರ್. ಸದ್ದು ಬರುವುದಿಲ್ಲ. ರಾಯರ ಕಂಪ್ಲೇಂಟು ಅದೊಂದೇ.

* * *

ರಾಯರು ಹುಡುಗಪ್ರಾಯದಲ್ಲಿ ಉಡುಪಿಯಿಂದ ಡೊಂಬಿವಲಿಯ ಪಕ್ಕದ ಕಲ್ಯಾಣಕ್ಕೆ ಬಂದು ಹೋಟೆಲಿನಲ್ಲಿ ಇಡ್ಲಿಹಿಟ್ಟು ರುಬ್ಬುವ ಕೆಲಸಕ್ಕೆ ನಿಂತವರು. ಮಲಗುತ್ತಿದ್ದದ್ದೂ ಗ್ರೈಂಡರಿನ ಪಕ್ಕದಲ್ಲೇ, ಅಕ್ಕಿಚೀಲದ ಮೇಲೆ. ಅದರ ಗಡಗಡ ಇದ್ದರೆ ಹಾಯಾಗಿ ನಿದ್ದೆ. ನಿಂತಿತೋ, ಧಡಕ್ಕನೆ ಎದ್ದು ಕೂರಬೇಕು. ಬೆಲ್ಟು ಹರಿದಿದೆ, ಇಲ್ಲ ಕರೆಂಟು ಹೋಗಿದೆ, ಮರುದಿನದ ಇಡ್ಲಿಗೆ ಸಂಚಕಾರ. ಮುಂದೆ ಮ್ಯಾನೇಜರಾಗಿ ಗಲ್ಲಾದ ಮೇಲೆ ಕೂತರೂ ಕಿವಿ ಒಳಗಡೆಗೇ. ಹೋಟೆಲಿನವರಿಗೆ ಸದ್ದು ಅಂದರೆ ಎಲ್ಲ ಸರಿಯಿದೆ ಎಂದು ಅರ್ಥ.

ಹೆಂಡತಿ ಹೋದ ಮೇಲೆ ಮನೆಯಲ್ಲಿ ಸದ್ದು ಅಂತ ಉಳಿದದ್ದು ಹಳೇ ಫ್ರಿಜ್ಜಿನದು. ಗೊರಗೊರ ಎನ್ನುತ್ತ ಓಡಿ, ನಿಲ್ಲುವಾಗ ಒಮ್ಮೆ ಮೈ ಕೊಡವುತ್ತಿತ್ತು, ಮೇಲಿಟ್ಟ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. “ಆಯ್ತು, ಇಗೋ ಬಂದೆ,” ಎಂದು ರಾಯರು ಅದಕ್ಕೆ ಓಗೊಡುತ್ತಿದ್ದರು. ಊರ್ಮಿಳಾ ಫೋನು ಮಾಡಿದರೆ ಅಪ್ಪನಿಗಿಂತ ಫ್ರಿಜ್ಜಿನ ಮಾತೇ ಜಾಸ್ತಿ. ರೇಗಿಹೋಗಿ ದೀಪಾವಳಿಗೆ ಹೊಸದು ತರಿಸಿದಳು. ಅಂಗಡಿಯವರು ಹಳೆಯದನ್ನು ಹೊತ್ತುಕೊಂಡು ಹೋದರು.

ಅದೇ ಸಂಜೆ ರಾಯರ ಫೋನು.

“ಊರ್ಮಿ, ಇದು ಸತ್ತುಹೋಗಿದೆ ಅಂತ ಕಾಣ್ತದೆ.”

ತೆರೆದು ನೋಡಿ, ತಂಪಾಗುತ್ತದೋ ಎಂದಳು.

“ತಂಪಾಗ್ತದೆ. ಆದ್ರೆ ಸದ್ದೇ ಇಲ್ವಲ್ಲ, ಮಗಾ.”

ಅವಳು ಬಿದ್ದು ಬಿದ್ದು ನಕ್ಕಳು. ಮಕ್ಕಳ ಹಾಗೆ ಆಡಬೇಡಿ ಎಂದಳು. ಆಮೇಲೆ ತಮಾಷೆಗೆ, “ವಾರಂಟಿ ಉಂಟಲ್ಲ ಅಪ್ಪ, ಕಂಪ್ಲೇಂಟ್ ಕೊಡಿ,” ಅಂದಳು. ರಾಯರು ಕೊಟ್ಟರು.

* * *

ಮಯೂರ್ ಹೊಸ್ತಿಲ ಹೊರಗೇ ನಿಂತು ಹೇಳಿದ. ಎಷ್ಟೋ ಸಲ ಬಂದಿದ್ದೇನೆ. ಹೊಸ ಮಾಡೆಲು, ಸದ್ದು ಬರದಿರುವುದೇ ಇದರ ಗುಣ ಎಂದು ತಿಳಿಸಿ ಹೇಳಿದೆ. ರಾಯರು ತಲೆಯಾಡಿಸುತ್ತಿದ್ದರು, ಕೂರಿಸಿ ಕಾಫಿ ಕೊಡುತ್ತಿದ್ದರು, ನನ್ನ ತಾಯಿಯ ಮಂಡಿನೋವು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಕೋಡು ಮಾತ್ರ ಕೊಡುತ್ತಿರಲಿಲ್ಲ. ಅದಿಲ್ಲದೆ ಕಂಪ್ಲೇಂಟು ಮುಚ್ಚುವುದಿಲ್ಲ, ಮತ್ತೆ ಬರಲೇಬೇಕಾಗುತ್ತದೆ ಎಂದು ಒಂದು ದಿನ ನಾನೇ ಬಾಯಿಬಿಟ್ಟೆ. ಅಲ್ಲಿಂದ ರಾಯರ ಹಟ ಇನ್ನೂ ಜಾಸ್ತಿಯಾಯಿತು ಎಂದು ನಗಲು ಹೋದವನು ದೀಪ ನೋಡಿ ಸುಮ್ಮನಾದ.

ಎದುರು ಮನೆಯ ಬಸವಣ್ಣೆವ್ವ ಪೊರಕೆ ಹಿಡಿದು ನೀರು ಬಳಿಯುತ್ತಿದ್ದವಳು ಕೈ ನಿಲ್ಲಿಸಿದಳು. ವಿಜಯಪುರದ ಕಡೆಯ ಹೆಂಗಸು, ರಾಯರು ಹೋದದ್ದನ್ನು ಮೊದಲು ಕಂಡವಳು ಅವಳೇ. ಕುರ್ಚಿಯಲ್ಲಿ ಕೂತಲ್ಲೇ ಹೋದರು ಎಂದಷ್ಟೇ ಬೆಳಿಗ್ಗೆ ಹೇಳಿದ್ದಳು.

“ಹೇಳಬಾರ್ದು ಅನಕೊಂಡಿದ್ನೆವಾ,” ಎಂದಳು. “ಕುರ್ಚಿ ಅಡಗಿಮನ್ಯಾಗಿತ್ತು. ಫ್ರಿಜ್ಜಿಗೆ ಕಿವಿ ಹಚ್ಚಿ ಕುಂತಿದ್ರು. ನಿದ್ದಿ ಹತ್ತೇತಿ ಅಂತ ತಿಳದ್ನಿ. ದಿನಾ ಹಂಗ ಕುಂದರ್ತಿದ್ರು. ಕಿವಿ ಹಚ್ಚಿದ್ರ ಸಣ್ಣಗ ಕೇಳತೈತಿ ಅಂತಿದ್ರು.”

ಊರ್ಮಿಳಾ ಒದ್ದೆ ಬಟ್ಟೆ ಹಿಡಿದು ಅಡುಗೆಮನೆಗೆ ಹೋದಳು. ಕಟ್ಟೆ ಒರೆಸಿದಳು, ಫ್ರಿಜ್ಜಿನ ಬಾಗಿಲು ಒರೆಸಿದಳು. ಪಕ್ಕದ ಬಿಳಿ ಮೈಮೇಲೆ, ಕೂತವರ ತಲೆಯೆತ್ತರಕ್ಕೆ, ಅಂಗೈಯಷ್ಟು ಅಗಲ ತೆಂಗಿನೆಣ್ಣೆಯ ಕಲೆ. ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು. ಅಡುಗೆಯವಳು ಎಷ್ಟು ಗಲೀಜು ಎಂದುಕೊಂಡಿದ್ದಳು. ಬಟ್ಟೆ ಕಲೆಯ ಹತ್ತಿರ ಬಂದು ನಿಂತಿತು. ಇಷ್ಟು ಹೊತ್ತು ತಡೆದದ್ದು ಆಗ ಒಡೆಯಿತು, ಕಟ್ಟೆ ಹಿಡಿದುಕೊಂಡು ಅತ್ತಳು.

ಸ್ವಲ್ಪ ಹೊತ್ತು ಬಿಟ್ಟು ಮಯೂರ್ ಹೊರಗಿನಿಂದ ಮೆಲ್ಲಗೆ, ತಾಯೀ, ಉಳಿದ ನಂಬರು ಎಂದ.

ಊರ್ಮಿಳಾ ಕಣ್ಣೊರೆಸಿಕೊಂಡು ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

“ಸರಿಯಾಗ್ಲಿಲ್ಲ,” ಎಂದಳು. “ಮುಚ್ಚಬೇಡಿ.”

ಹಾಗಾದರೆ ಮತ್ತೆ ಬರಬೇಕಾಗುತ್ತದೆ ಎಂದ ಅವನು.

“ಬನ್ನಿ. ಇವತ್ತು ಒಲೆ ಹಚ್ಚುವ ಹಾಗಿಲ್ಲ. ಇನ್ನೊಮ್ಮೆ ಬಂದಾಗ ಕಾಫಿ ಮಾಡ್ತೇನೆ.”

ಅವನು ಮೆಟ್ಟಿಲಿಳಿದು ಹೋದ. ಊರ್ಮಿಳಾ ಅಪ್ಪನ ಕುರ್ಚಿ ಎಳೆದುಕೊಂಡು ಫ್ರಿಜ್ಜಿನ ಮಗ್ಗುಲಲ್ಲಿ ಕೂತಳು. ಎಣ್ಣೆಯ ಕಲೆ ಸರಿಯಾಗಿ ಅವಳ ಕಿವಿಯ ಮಟ್ಟಕ್ಕೇ ಬಂತು. ಕಿವಿ ಹಚ್ಚಿದಳು. ಏನೂ ಕೇಳಲಿಲ್ಲ. ಹೊರಗೆ ಪೊರಕೆಯ ಸದ್ದು ಬರುತ್ತಿತ್ತು.

“ಒಂಚೂರು ನಿಲ್ಲಿಸಿ, ಮಾಮಿ,” ಎಂದಳು.

ಬಸವಣ್ಣೆವ್ವ ಪೊರಕೆ ಎತ್ತಿ ಹಿಡಿದು, ಉಸಿರೂ ಬಿಡದೆ ನಿಂತಳು. ಊರ್ಮಿಳಾ ಕಣ್ಣು ಮುಚ್ಚಿ, ಒದ್ದೆ ಕೈಯಿಂದ ಇನ್ನೊಂದು ಕಿವಿಯನ್ನೂ ಮುಚ್ಚಿಕೊಂಡಳು.