ಹೊರಗೆ ಹೋದ ವೇಳೆ

ಯರ್ರೆಪ್ಪ ಬೆಳಿಗ್ಗೆ ಆರಕ್ಕೆ ಮಿಲ್ಲಿಗೆ ಬಂದಿದ್ದ. ಹನ್ನೊಂದರ ಸುಮಾರಿಗೆ ಯಂತ್ರದ ಬೆಲ್ಟಿಗೆ ಪಂಚೆ ಸಿಕ್ಕಿ ಸತ್ತ. ಎರಡೂವರೆಯ ಹೊತ್ತಿಗೆ, ಅವನು ಇವತ್ತು ಕೆಲಸಕ್ಕೇ ಬಂದಿರಲಿಲ್ಲ, ಕುಡಿದು ಒಳಗೆ ನುಗ್ಗಿದ್ದ ಎಂದು ಮ್ಯಾನೇಜರು ಸೇತುಮಾಧವರಾಯರು ಪೊಲೀಸರಿಗೆ ಬರೆದುಕೊಟ್ಟಿದ್ದರು. ಜೊತೆಗಾರರ ಬಾಯಿ ಆಗಲೇ ಮುಚ್ಚಿಸಿಯಾಗಿತ್ತು.

ಉಳಿದ ಸಾಕ್ಷಿ, ಗೇಟಿನ ಕಿಟಕಿಯಲ್ಲಿ ಕೂತು ಹಾಜರಿ ಹಾಕುವ ಜಾನಕಿಬಾಯಿಯ ಕಂಪ್ಯೂಟರಿನಲ್ಲಿದ್ದ ಒಂದು ಸಾಲು. ೪೧೭, ಯರ್ರೆಪ್ಪ, ಒಳಗೆ ಬಂದದ್ದು ೬.೦೨. ಹೊರಗೆ ಹೋದ ವೇಳೆ ಖಾಲಿ.

ಅದಿನ್ನೂ ಡಿಸ್ಕಿಗೆ ಇಳಿದಿರಲಿಲ್ಲ. ದಿನದಂತೆ ಮೂರಕ್ಕೆ ಕರೆಂಟು ಹೋದರೆ ಇಡೀ ಪಾಳಿಯ ಹಾಜರಿ ಅಳಿಯುತ್ತದೆ. ಅಷ್ಟರೊಳಗೆ ಪ್ರೋಗ್ರಾಮನ್ನು ಕ್ರಮವಾಗಿ ಮುಚ್ಚಬೇಕು. ಹಾಜರಿಯ ಪ್ರೋಗ್ರಾಮು ಓಡುತ್ತಿದ್ದದ್ದು ಕಂಪ್ಯೂಟರಿನೊಳಗೆ ಬರೀ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಲ್ಪಿತ ಯಂತ್ರದ ಮೇಲೆ. ಆ ಯಂತ್ರ ನಿಲ್ಲುವ ಮುನ್ನ ಮಾಡಬೇಕಾದದ್ದನ್ನು ಬರೆದವಳು ಜಾನಕಿಯೇ. ಅದು ಮೊದಲು ಹೊರಗೆ ಹೋದ ವೇಳೆ ಇಲ್ಲದ ಅರ್ಧಂಬರ್ಧ ಸಾಲುಗಳನ್ನು ಗುಡಿಸಿ ಎಸೆಯುತ್ತದೆ, ಉಳಿದದ್ದನ್ನು ಡಿಸ್ಕಿಗೆ ಬರೆದು ಕಡತ ಮುಚ್ಚುತ್ತದೆ, ಆಮೇಲೆ ತಾನು ನಿಲ್ಲುತ್ತದೆ. ಹೋಗುವಾಗ ನಂಬರು ಹೇಳಲು ಮರೆತವರ ತಕರಾರು ಬೇಡವೆಂದು ಹಾಗೆ ಮಾಡಿದ್ದಳು. ರಾಯರು ಮೆಚ್ಚಿಕೊಂಡಿದ್ದರು.

ಈಗ ಅವರೇ ಬಾಗಿಲಲ್ಲಿ ನಿಂತರು.

"ಬಂದ್ ಮಾಡಿದಿ ಏನಮ್ಮಾ?"

"ಇನ್ನಾ ಇಲ್ರಿ."

"ದಿನಾ ಹೆಂಗ ಮಾಡ್ತೀಯೋ ಹಂಗ ಮಾಡು. ಕಸ ತಾನೇ ತೆಗೀತದಲ್ಲ ನಿನ್ನ ಮಿಶನ್ನು?"

"ತೆಗೀತದ್ರಿ."

ಅವರು ಹೋದರು. ಎರಡು ಐವತ್ತು. ಪ್ರೋಗ್ರಾಮು ತಿದ್ದಲು ಹೊತ್ತಿರಲಿಲ್ಲ. ಖಾಲಿ ಜಾಗ ತುಂಬಿದರೆ ಮಾತ್ರ ಸಾಲು ಉಳಿಯುತ್ತದೆ. ನಾಲ್ಕು ಜನ ಯರ್ರೆಪ್ಪನನ್ನು ಗೋಣಿತಟ್ಟಿನಲ್ಲಿ ಹೊತ್ತು ಅವಳ ಕಿಟಕಿಯ ಮುಂದೆಯೇ ಹೋಗಿದ್ದರು. ಯಾರೇ ದಾಟಿದರೂ ಗಡಿಯಾರ ನೋಡುವುದು ಅವಳಿಗೆ ರೂಢಿ.

೧೧.೨೦ ಎಂದು ಒತ್ತಿದಳು. ಯಂತ್ರ ಗುಡಿಸಿತು, ಬರೆಯಿತು, ಮುಚ್ಚಿತು. ಡಿಸ್ಕಿನಿಂದ ಒಂದು ಪ್ರತಿ ಮುದ್ರಿಸಿಕೊಂಡಳು. ನಾಳೆ ಈ ಕುರ್ಚಿ ತನ್ನದಲ್ಲ ಎಂದು ಗೊತ್ತಿತ್ತು. ಮೂರಕ್ಕೆ ಕರೆಂಟು ಹೋಯಿತು.

ಗೇಟಿನಾಚೆ ಯರ್ರೆಪ್ಪನ ಹೆಂಡತಿ ಲಿಂಗಕ್ಕ ಕೂತಿದ್ದಳು. ಜಾನಕಿ ಹಾಳೆ ಕೊಟ್ಟಳು.

"ಇಲ್ಲಿ ಯಾರಿಗೂ ತೋರಸಬ್ಯಾಡ. ಕರ್ನೂಲಿಗೆ ಹೋಗು, ಜಿಲ್ಲಾ ಲೇಬರ್ ಆಫೀಸಿನಾಗ ಕೊಡು."

"ಏನೈತಮ್ಮಾ ಇದರಾಗ?"

"ನಿನ್ನ ಗಂಡ ಇವತ್ತು ಕೆಲಸಕ್ಕ ಬಂದಿದ್ದ ಅಂತ."

ಲಿಂಗಕ್ಕ ಹಾಳೆಯನ್ನು ತಿರುಗಿಸಿ ನೋಡಿದಳು.

"ಅದು ನನಗ ಗೊತ್ತಿಲ್ಲೇನು? ಬುತ್ತಿ ಕಟ್ಟಿದಾಕಿ ನಾನ. ಬುತ್ತಿ ಇನ್ನಾ ಒಳಗ ಐತಿ. ಕೊಡ್ರಿ ಅಂದ್ರ, ಕೆಲಸಕ್ಕ ಬರದಾವನ ಬುತ್ತಿ ಎಲ್ಲಿಂದ ಬಂತು ಅಂತಾರ."

ಜಾನಕಿ ಹಿಂದಕ್ಕೆ ತಿರುಗಿದಳು. ವಾಚ್‌ಮನ್ ಆಗಲೇ ಗೇಟು ಹಾಕಿದ್ದ.