ಕಚ್ಚಿಕೊಂಡ ಚಕ್ರ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸತ್ತ ಅಣ್ಣನ ಉಗುರುಗಳನ್ನು ತಮ್ಮ ಉಜ್ಜುತ್ತಿದ್ದ. ಹೆಬ್ಬೆರಳಿನ ಸಂದಿಯಲ್ಲಿ ಕೂತಿದ್ದ ಗ್ರೀಸು ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ.

"ಸಾಕು ಬಿಡು," ಎಂದಳು ಅತ್ತಿಗೆ. "ಮದುವೆ ದಿನಾನೂ ಅದು ಹೋಗಿರಲಿಲ್ಲ."

ನಿನ್ನೆಯಿಂದ ಅವಳು ಅತ್ತಿರಲಿಲ್ಲ. ಗರಬಡಿದವಳಂತೆ ಕುಳಿತು, ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: ಸ್ವಿಚ್ಚು ಆರಿಸದೆ ಅವರು ಯಂತ್ರದೊಳಗೆ ಕೈ ಹಾಕುವವರೇ?

ನಡುಮನೆಯಲ್ಲಿ ಜನ ಕಿಕ್ಕಿರಿದಿದ್ದರು. ನಾಣ್ಯ ಹಾಕಿ ಗುಂಡಿ ಒತ್ತಿದರೆ ತಾನೇ ರೆಕಾರ್ಡು ಎತ್ತಿ ಹಾಡುವ ಹಳೆಯ ಜೂಕ್‌ಬಾಕ್ಸುಗಳನ್ನು ಆ ಊರಿನಲ್ಲಿ ಬದುಕಿಸಿಟ್ಟವನು ಅಣ್ಣನೊಬ್ಬನೇ. ಚಕ್ರದ ಮುರಿದ ಹಲ್ಲಿಗೆ ಅಡುಗೆಮನೆಯ ಚಮಚವನ್ನೇ ಅರದಿಂದ ಉಜ್ಜಿ ಕೂರಿಸಿದ್ದನ್ನು ಒಬ್ಬರು ನೆನೆದರು. ಎಷ್ಟು ಹಾಡುಪೆಟ್ಟಿಗೆ ರಿಪೇರಿ ಮಾಡಿದರೂ ಹಾಡುಗಳನ್ನೆಲ್ಲ ಒಂದೇ ರಾಗದಲ್ಲಿ ಗುನುಗುತ್ತಿದ್ದ ಎಂದು ಇನ್ನೊಬ್ಬ ನಗಲು ಹೋಗಿ ತಡೆದುಕೊಂಡ.

ಸಾವು ಸಂಭವಿಸಿದ ಹೋಟೆಲಿನ ಯಜಮಾನ ದನಿ ತಗ್ಗಿಸಿದ. "ವಯಸ್ಸಾಗಿತ್ತಲ್ಲ, ಆರಿಸೋದು ಮರೆತುಬಿಟ್ಟಿದಾರೆ. ಈಜು ಬಲ್ಲೋನೇ ನೀರಲ್ಲಿ ಸಾಯೋದು."

ತಲೆಗಳು ಹೌದೆಂದು ತೂಗಿದವು. ಅತ್ತಿಗೆಯ ಮುಖ ಕಪ್ಪಿಟ್ಟಿತು. ಗಂಡ ಹೋದದ್ದು ಒಂದು ಕಡೆ, ಅವನ ಕೈಯ ಹೆಸರೂ ಈಗ ಹೋಗುತ್ತಿತ್ತು. ಅವಳು ಮೈದುನನತ್ತ ತಿರುಗಿದಳು.

"ನೀನಿದ್ಯಲ್ಲ ಅಲ್ಲಿ. ನಿಜ್ವಾಗ್ಲೂ ಮರೆತ್ರಾ?"

ಅವನು ಬಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತ.

* * *

ಪೆಟ್ಟಿಗೆಯ ಹಿಂಬಾಗಿಲು ತೆಗೆದು ಅರ್ಧ ಮೈ ಒಳಗೆ ತೂರಿಸಿದ ಮೇಲೆ ಅಣ್ಣನಿಗೆ ಹೊರಲೋಕದ ಮಾತು ಕೇಳಿಸುತ್ತಿರಲಿಲ್ಲ. ಅವನ ಕೂಗೂ ಹೋಟೆಲಿನ ಗದ್ದಲವನ್ನು ದಾಟುತ್ತಿರಲಿಲ್ಲ. ಅದಕ್ಕೇ ಅಣ್ಣತಮ್ಮಂದಿರು ಒಂದು ಒಪ್ಪಂದ ಮಾಡಿಕೊಂಡಿದ್ದರು. ಸ್ಕ್ರೂಡ್ರೈವರಿನ ಹಿಡಿಯಿಂದ ಅಣ್ಣ ಹಲಗೆಗೆ ಒಮ್ಮೆ ತಟ್ಟಿದರೆ, ಗೋಡೆಯ ಬಳಿ ನಿಂತ ತಮ್ಮ ಕರೆಂಟು ಆರಿಸಬೇಕು. ಎರಡು ಸಲ ತಟ್ಟಿದರೆ ಹಾಕಬೇಕು. ಅದು ಎಂದೂ ತಪ್ಪಿರಲಿಲ್ಲ.

ನಿನ್ನೆ ರೆಕಾರ್ಡುಗಳ ಚಕ್ರ ಕಚ್ಚಿಕೊಂಡು ನಿಂತಿತ್ತು. ಒಳಗಿನಿಂದ ಟಕ್, ಟಕ್ ಎಂದಿತು. ತಮ್ಮ ಸ್ವಿಚ್ಚು ಒತ್ತಿದ. ಬಣ್ಣದ ದೀಪಗಳು ಹೊತ್ತಿದವು, ಚಕ್ರ ತಿರುಗಿತು, ತೋಳು ರೆಕಾರ್ಡೊಂದನ್ನು ಎತ್ತಿ ಮಲಗಿಸಿತು. ಹಾಡು ಹೊರಟದ್ದೇ ತಡ, ಕುಳಿತಿದ್ದವರು ಮೇಜು ಕುಟ್ಟಿ ಮೆಚ್ಚಿದರು. ತಮ್ಮನೂ ಕುಟ್ಟಿದ. ಪಲ್ಲವಿ ಮುಗಿದರೂ ಅಣ್ಣ ಹೊರಗೆ ಬರಲಿಲ್ಲ.

ಹಿಂದೆ ಹೋಗಿ ನೋಡಿದರೆ ಅಣ್ಣನ ಎಡಗೈ ತಂತಿಗಳ ನಡುವೆ ಇತ್ತು. ಸ್ಕ್ರೂಡ್ರೈವರಿನ ಹಿಡಿಯ ಕೆಂಪು ಬಣ್ಣ ಹಲಗೆಗೆ ಹತ್ತಿರಲಿಲ್ಲ, ಚಕ್ರದ ಹಲ್ಲಿಗೆ ಮೆತ್ತಿತ್ತು. ಅಣ್ಣ ಕರೆಂಟು ಕೇಳಿಯೇ ಇರಲಿಲ್ಲ.

* * *

"ಅಣ್ಣ ಮರೀಲಿಲ್ಲ ಅತ್ತಿಗೆ," ಎಂದ ತಮ್ಮ. "ಆರಿಸಿಯೇ ಒಳಗೆ ಹೋಗಿದ್ದ. ಚಕ್ರ ಬಿಡಿಸೋಕೆ ಎರಡು ಏಟು ಹಾಕಿದಾನೆ. ನಾನು ಕರೆಂಟ್ ಕೇಳ್ತಿದಾನೆ ಅಂದ್ಕೊಂಡೆ. ಹಾಕಿದ್ದು ನಾನು."

ಅತ್ತಿಗೆ ಅವನನ್ನು ಬಹಳ ಹೊತ್ತು ನೋಡಿದಳು, ಪರಿಚಯವಿಲ್ಲದವನನ್ನು ನೋಡುವಂತೆ. ಆಮೇಲೆ ಹೋಟೆಲಿನ ಯಜಮಾನನ ಕಡೆ ಮುಖ ಮಾಡಿದಳು.

"ಕೇಳಿಸ್ಕೊಂಡ್ರಲ್ಲ. ಅವರು ಮರೀಲಿಲ್ಲ."

ಎತ್ತುವ ಹೊತ್ತಾಯಿತು. ಚಟ್ಟದ ಮುಂಭಾಗಕ್ಕೆ ಹೆಗಲು ಕೊಡಬೇಕಾದ ತಮ್ಮ ಗೋಡೆಗೊರಗಿಯೇ ನಿಂತಿದ್ದ. ಅವನನ್ನು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತಿಗೆ ಎದ್ದು ಬಂದು, ಯಜಮಾನನನ್ನು ಪಕ್ಕಕ್ಕೆ ಸರಿಸಿ, ಮುಂದಿನ ಎಡಗಡೆಗೆ ತಾನೇ ಹೆಗಲು ಕೊಟ್ಟಳು. ಬಲಗಡೆ ಖಾಲಿಯಿತ್ತು.

"ಬಾ," ಎಂದಳು, ಅವನತ್ತ ನೋಡದೆ.

ಅವನು ಹೋಗಿ ಹೆಗಲು ಕೊಟ್ಟ. ಅವಳ ತಲೆ ಅವನ ಭುಜದಷ್ಟೇ ಎತ್ತರ. ಚಟ್ಟ ಅವಳ ಕಡೆಗೆ ವಾಲಿ, ಅಣ್ಣನ ಮುಖ ಅತ್ತ ಹೊರಳಿತು. ತಮ್ಮ ಮಂಡಿ ಬಗ್ಗಿಸಿದ. ಸಾಲಲಿಲ್ಲ, ಇನ್ನಷ್ಟು ಬಗ್ಗಿಸಿದ. ಮುಖ ನೆಟ್ಟಗಾಯಿತು. ಹಾಗೆಯೇ, ತೊಡೆಗಳು ಥರಗುಟ್ಟುತ್ತಿದ್ದರೂ, ಅರ್ಧ ಕುಕ್ಕರಿಸಿದವನಂತೆ ಅವಳ ಹೆಜ್ಜೆಗೆ ಹೆಜ್ಜೆ ಇಡುತ್ತ ಬೀದಿಯುದ್ದಕ್ಕೂ ನಡೆದ.