ಭಾನುವಾರ ಹೊರಬಂದ ಪತಂಗ

ಗೂಡಿನಿಂದ ಪತಂಗ ಹೊರಬಂದದ್ದು ಭಾನುವಾರ, ಇಗರ್ಜಿಯ ಮೊದಲ ಗಂಟೆ ಹೊಡೆಯುವ ಹೊತ್ತಿಗೆ. ಡಬ್ಬಿಯೊಳಗೆ ಇಣುಕಿದ ಪಿಸಿಲಾ ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು. ವಾರದಲ್ಲಿ ಇನ್ನೂ ಆರು ದಿನ ಇರಲಿಲ್ಲವೇ ಇದಕ್ಕೆ?

ಬೇಸಾಯ ಇಲಾಖೆಯ ಕೀಟ ವಿಭಾಗ ಅವಳದು. ಪೂರ್ವದ ಏರಿನ ಕಾಡಿನಲ್ಲಿ ದೀಪಕ್ಕೆ ಬರುವ ಈ ಬೂದು ಪತಂಗ ತಮ್ಮ ಎಉವಾ ದ್ವೀಪದ್ದೇ, ಲೋಕದಲ್ಲಿ ಬೇರೆಲ್ಲೂ ಇಲ್ಲ ಎಂದು ಅವಳ ವಾದ. ದೂರದ ಸಂಗ್ರಹಾಲಯದ ಪಂಡಿತರು ಒಪ್ಪಿರಲಿಲ್ಲ. ನೀವು ಕಳಿಸಿದವೆಲ್ಲ ಹರಿದ ರೆಕ್ಕೆಯವು, ನೆರೆಯ ಫೀಜಿ ದ್ವೀಪಗಳ ಪತಂಗವೇ ಸವೆದು ಹೀಗೆ ಕಾಣುತ್ತಿರಬೇಕು, ಗೆರೆ ಅಳಿಯದ ಒಂದನ್ನು ತೋರಿಸಿ, ಹೆಸರಿನ ಮಾತು ಆಮೇಲೆ ಎಂದು ಬರೆದಿದ್ದರು. ಹಟ ಹಿಡಿದು ಕಾಡು ಅಲೆದು ಅದರ ಹನ್ನೊಂದು ಕಂಬಳಿಹುಳ ತಂದು ಸಾಕಿದಳು. ಹತ್ತನ್ನು ಅವುಗಳ ಮೈಯಲ್ಲಿ ಮೊಟ್ಟೆಯಿಟ್ಟಿದ್ದ ಕಣಜದ ಹುಳದ ಮರಿಗಳು ಒಳಗಿನಿಂದಲೇ ತಿಂದು ಮುಗಿಸಿದವು. ಉಳಿದದ್ದು ಇದೊಂದೇ. ರೆಕ್ಕೆ ಒಣಗಿದ ಕೂಡಲೇ ಕೊಲ್ಲುವ ಔಷಧದ ಸೀಸೆಗೆ ಹಾಕದಿದ್ದರೆ ಇದೂ ಡಬ್ಬಿಗೆ ಬಡಿದುಕೊಂಡು ಗೆರೆಯ ಪುಡಿಯನ್ನೆಲ್ಲ ಉದುರಿಸಿಬಿಡುತ್ತಿತ್ತು.

ಆದರೆ ಭಾನುವಾರ ಆ ದ್ವೀಪದಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ದೋಣಿ ನೀರಿಗಿಳಿಯುವುದಿಲ್ಲ, ಬಟ್ಟೆ ಹಗ್ಗಕ್ಕೇರುವುದಿಲ್ಲ. ಪಿಸಿಲಾಳೂ ಆ ದಿನವನ್ನು ಎಂದೂ ಮುರಿದವಳಲ್ಲ. ಆದರೂ ಕೈ ಸೀಸೆಯತ್ತ ಹೋಯಿತು.

ಬಿಳಿ ಟೋಪಿ ಹಾಕಿಕೊಂಡು ಇಗರ್ಜಿಗೆ ಹೊರಟಿದ್ದ ಸೋದರತ್ತೆ ಫುಸಿ ಬಾಗಿಲಿನಿಂದಲೇ ನೋಡಿದಳು. ಅವಳ ಮಾತಿಗೆ ಪಿಸಿಲಾಳ ಅಪ್ಪನೂ ಎದುರಾಡುತ್ತಿರಲಿಲ್ಲ.

"ಇವತ್ತು ಜೀವ ತೆಗೀತೀಯೇನೇ?"

"ತೆಗೀದಿದ್ರೆ ಇದು ಫೀಜಿಯವರ ಪಾಲಾಗತ್ತೆ, ಅತ್ತೆ."

"ರಗ್ಬಿಯಲ್ಲಿ ಅವರು ಗೆದ್ದಾಗಲೂ ನಿನ್ನ ಮುಖ ಇಷ್ಟು ಸಪ್ಪಗಿರ್ಲಿಲ್ಲ."

ಪಿಸಿಲಾ ಸೀಸೆಯನ್ನು ಕಪಾಟಿಗಿಟ್ಟು ಬೀಗ ಹಾಕಿದಳು. "ಕೊಲ್ಲಲ್ಲ. ಬಡ್ಕೊಳ್ಳೋಕೂ ಬಿಡಲ್ಲ," ಎಂದಳು.

ಕತ್ತಲೆ, ತಂಪು, ಅಲುಗಾಟವಿಲ್ಲದ ಜಾಗ. ಇಷ್ಟಿದ್ದರೆ ಪತಂಗ ಸುಮ್ಮನಿರುತ್ತದೆ. ಚಾಪೆಗಳನ್ನು ಪೇರಿಸಿದ್ದ ಒಳಕೋಣೆಗೆ ಡಬ್ಬಿ ಒಯ್ದು, ಒದ್ದೆ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡಳು. ಅತ್ತೆ ಟೋಪಿ ತೆಗೆದು ಪಕ್ಕದಲ್ಲಿ ಕೂತಳು. ಅರವತ್ತು ವರ್ಷದಲ್ಲಿ ಒಂದು ಭಾನುವಾರವೂ ಇಗರ್ಜಿ ತಪ್ಪಿಸದವಳು, ಬಾಯಿಪಾಠವಿದ್ದ ಕೀರ್ತನೆಗಳನ್ನು ಉಸಿರಿನಲ್ಲೇ ಹೇಳತೊಡಗಿದಳು. ಬೀದಿಯಾಚೆಯ ಇಗರ್ಜಿಯಲ್ಲಿ ಹಾಡುವ ಗಂಡಸರ ದನಿ ಏರಿದಾಗ ಡಬ್ಬಿ ಅಂಗೈಯೊಳಗೆ ನಡುಗಿತು. ಇಬ್ಬರೂ ಅದರ ಮೇಲೆ ಬಾಗಿ ಮೈಯಿಂದ ಸದ್ದನ್ನು ತಡೆದರು. ಪಿಸಿಲಾಳ ಕೈ ಜೋಮು ಹಿಡಿದಾಗ ಅತ್ತೆ ಡಬ್ಬಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಮಧ್ಯಾಹ್ನದ ಊಟಕ್ಕೆಂದು ನೆಲದೊಳಗಿನ ಒಲೆಯಲ್ಲಿ ಬೆಂದ ಕೆಸುವಿನೆಲೆಯ ಪೊಟ್ಟಣಗಳನ್ನು ಬಿಚ್ಚಲೂ ಯಾರೂ ಏಳಲಿಲ್ಲ.

ಸೋಮವಾರ ಬೆಳಕು ಹರಿದಾಗ ಪಿಸಿಲಾ ಬಟ್ಟೆ ಸರಿಸಿದಳು. ಎಡರೆಕ್ಕೆಯ ಅಂಚು ಸವೆದಿತ್ತು. ಬಲರೆಕ್ಕೆ ಇಡಿಯಾಗಿತ್ತು, ಅದರ ಮೇಲೆ ಮೊಣಕೈಯಂತೆ ಬಾಗಿದ ಬಿಳಿಗೆರೆ. ಫೀಜಿಯದರಲ್ಲಿ ಆ ಗೆರೆ ನೇರ. ಅವಳು ಕಪಾಟಿನ ಬೀಗ ತೆಗೆದಳು.

ನಾಲ್ಕು ತಿಂಗಳ ಮೇಲೆ ಪಂಡಿತರ ಪತ್ರ ಬಂತು. ಇದು ಬೇರೆಯೇ ಜಾತಿ, ಹೆಸರು ತಿಳಿಸಿ, ದ್ವೀಪದ ಹೆಸರನ್ನೇ ಇಡುವುದು ವಾಡಿಕೆ ಎಂದಿದ್ದರು. ಪಿಸಿಲಾಳ ಜನರ ವಾಡಿಕೆ ಬೇರೆ. ಅಲ್ಲಿ ಮಗುವಿಗೆ ಹೆಸರಿಡುವ ಹಕ್ಕು ಅಪ್ಪನ ಅಕ್ಕನದು, ಸೋದರತ್ತೆಯದು. ಅವಳು ಪತ್ರ ಹಿಡಿದು ಅತ್ತೆಯ ಮುಂದೆ ಕೂತಳು.

"ನಾನೇನು ಇದರಪ್ಪನಿಗೆ ಅಕ್ಕನೇನೇ?"

"ಮಡಿಲಲ್ಲಿಟ್ಕೊಂಡು ಕಾದವಳು ನೀನಲ್ವಾ? ಇಡು."

ಫುಸಿ ಪತ್ರವನ್ನು ಮಡಿಲಲ್ಲಿಟ್ಟುಕೊಂಡು "ಲೊಂಗೊ" ಎಂದಳು. ಅವರ ಮಾತಿನಲ್ಲಿ ಸದ್ದಿಲ್ಲದ್ದು ಎಂದು ಅದರ ಅರ್ಥ.

"ಅಷ್ಟೇನಾ?"

"ಅಷ್ಟೇ. ಆ ಪುಟ್ಟ ರೆಕ್ಕೆಗೆ ಎಷ್ಟು ದೊಡ್ಡ ಹೆಸರು ಅಂತ ಹೊರಿಸ್ತೀಯ?"

ಪಿಸಿಲಾ ಹಾಗೆಯೇ ಬರೆದು ಲಕೋಟೆ ಅಂಟಿಸಿದಳು.